ಗೊಬ್ಬರ ಒಲ್ಲದ ಗಿರಿಪುಷ್ಪಗಳು

ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ನೆಲೆಸಿರುವ ನನ್ನ ದೊಡ್ಡಮ್ಮನ ಮಗಳದು ಗಿಡ ಬೆಳೆಸುವುದರಲ್ಲಿ ಪಳಗಿದ ಕೈ. ಹಾಸನದ ಮನೆಯಲ್ಲಿದ್ದಾಗ ಅವಳು ನೆಟ್ಟ ಒಣಕಡ್ಡಿಯೂ ಚಿಗುರುತ್ತಿತ್ತು ಎಂದು ದೊಡ್ಡಮ್ಮ ಈಗಲೂ ಹೇಳುತ್ತಾರೆ. ಅಂಥವಳು ಅಲ್ಲಿ ಒಂದು ಏಪ್ರಿಲ್ ತಿಂಗಳಲ್ಲಿ ಅಂಗೈಯಗಲದ ಮೂರು ಕುಂಡಗಳನ್ನು ಕೊಂಡು ತಂದಳು. ಒಂದರಲ್ಲಿ ಕಡುನೀಲಿ ಜೆನ್ಷಿಯನ್, ಇನ್ನೊಂದರಲ್ಲಿ ನಿಂಬೆಹಣ್ಣಿನ ಗಾತ್ರದ ಮುದ್ದೆಯಂತಿದ್ದ ಸ್ಯಾಕ್ಸಿಫ್ರೇಜ್, ಮೂರನೆಯದರಲ್ಲಿ ನೇರಳೆ ಹೂವಿನ ಆಬ್ರೀಷಿಯಾ. ಬೆಟ್ಟದ ಗಿಡಗಳು, ಎಂಥ ಚಳಿಗೂ ಜಗ್ಗುವುದಿಲ್ಲ, ಆರೈಕೆಯ ಗೊಡವೆಯೇ ಇಲ್ಲ ಎಂದು ಅಂಗಡಿಯವರು ಹೇಳಿದ್ದರಂತೆ.

ಆರೈಕೆ ಬೇಡ ಎಂದರೆ ಅಕ್ಕ ಕೇಳುವವಳಲ್ಲ. ಮಲ್ಲಿಗೆಗೆ ಮಾಡುವಂತೆ ಪಾತಿ ಅಗೆದು, ಗೊಬ್ಬರ ಬೆರೆಸಿ, ದಿನ ಬಿಟ್ಟು ದಿನ ನೀರು ಹಾಕಿದಳು. ಬೇಸಗೆಯಲ್ಲಿ ಎಲೆಗಳು ಸೊಂಪಾಗಿಯೇ ಬಂದವು. ಚಳಿಗಾಲದ ಜಿಟಿಜಿಟಿ ಮಳೆ ಹಿಡಿದ ಮೇಲೆ ಜೆನ್ಷಿಯನ್ನೂ ಸ್ಯಾಕ್ಸಿಫ್ರೇಜೂ ಬುಡದಲ್ಲಿ ಕೊಳೆತು ಕೈಗೆ ಬಂದವು. ಬದುಕಿದ್ದು ಆಬ್ರೀಷಿಯಾ ಒಂದೇ. ಪಾತಿಯಲ್ಲಿ ಜಾಗ ಸಾಲದೆ ಅದನ್ನು ಕಾಂಪೌಂಡ್ ಗೋಡೆಯ ಬಿರುಕಿಗೆ ತುರುಕಿ ಆಕೆ ಮರೆತೇಬಿಟ್ಟಿದ್ದಳು. ಮರುವರ್ಷ ಅದು ಗೋಡೆಯ ತುಂಬ ಹೂವಿನ ಕಂಬಳಿ ಹೊದಿಸಿತ್ತು!

ಅಕ್ಕ ನಾಚಿಕೊಳ್ಳಬೇಕಾದ್ದೇನೂ ಇಲ್ಲ. ಯೂರೋಪಿನ ಘಟಾನುಘಟಿ ತೋಟಗಾರರೇ ಇದೇ ತಪ್ಪನ್ನು ನೂರಾರು ವರ್ಷ ಮಾಡುತ್ತ ಬಂದಿದ್ದಾರೆ.

ಆಲ್ಪೈನ್ ಸಸ್ಯ ಎಂದರೆ ಆಲ್ಪ್ಸ್ ಪರ್ವತದ್ದೇ ಆಗಬೇಕೆಂದಿಲ್ಲ. ಬೆಟ್ಟ ಏರುತ್ತ ಹೋದಂತೆ ಒಂದು ಎತ್ತರದಲ್ಲಿ ಮರಗಳು ನಿಂತುಹೋಗುತ್ತವೆ. ಆಲ್ಪ್ಸ್‌ನಲ್ಲಿ ಈ ಗೆರೆ ಸುಮಾರು ಎರಡು ಸಾವಿರ ಮೀಟರ್ ಆಸುಪಾಸಿನಲ್ಲಿದೆ, ಹಿಮಾಲಯದಲ್ಲಿ ಇನ್ನೂ ಬಹಳ ಮೇಲೆ. ಆ ಗೆರೆಯಿಂದ ಆಚೆಗೆ, ಶಾಶ್ವತ ಹಿಮದಿಂದ ಈಚೆಗೆ ಬದುಕುವ ಗಿಡಗಳೇ ನಿಜವಾದ ಆಲ್ಪೈನ್‌ಗಳು. ತೋಟಗಾರರು ಮಾತ್ರ ಈ ಹೆಸರನ್ನು ಧಾರಾಳವಾಗಿ ಬಳಸುತ್ತಾರೆ; ಗೋಡೆ, ಬಂಡೆ, ಜಲ್ಲಿಯ ನಡುವೆ ಬೆಳೆಯುವ ಗಿಡ್ಡ ಗಿಡಗಳನ್ನೆಲ್ಲ ಅದಕ್ಕೇ ಸೇರಿಸುತ್ತಾರೆ. ಇವುಗಳಲ್ಲಿ ಬಹುಪಾಲು ಬಹುವಾರ್ಷಿಕಗಳು. ಒಮ್ಮೆ ನೆಟ್ಟರೆ ವರ್ಷ ವರ್ಷವೂ ಅದೇ ಬುಡದಿಂದ ಹೂ ಬಿಡುವಂಥವು.

ವಸಂತದಲ್ಲೇ ಇವು ಹೂ ಬಿಡುವುದೇಕೆ? ಬೆಟ್ಟದ ಮೇಲೆ ಬೇಸಗೆ ಎಂದರೆ ಹೆಚ್ಚೆಂದರೆ ಎರಡು ಮೂರು ತಿಂಗಳು. ಅಷ್ಟರಲ್ಲಿ ಚಿಗುರಿ, ಹೂ ಬಿಟ್ಟು, ಕಾಯಿ ಕಟ್ಟಿ, ಬೀಜ ಉದುರಿಸಬೇಕು. ಆದ್ದರಿಂದ ಅನೇಕ ಗಿಡಗಳು ಹಿಂದಿನ ವರ್ಷದ ಬೇಸಗೆಯಲ್ಲೇ ಮೊಗ್ಗನ್ನು ತಯಾರಿಸಿ ಎಲೆಗಳ ನಡುವೆ ಅಡಗಿಸಿಟ್ಟುಕೊಂಡು ಚಳಿಗಾಲ ಕಳೆಯುತ್ತವೆ. ಹಿಮ ಕರಗಿದ್ದೇ ತಡ, ಮೊಗ್ಗು ಬಿರಿಯುತ್ತದೆ. ಸೋಲ್ಡನೆಲ್ಲಾ ಎಂಬ ನೇರಳೆ ಬಣ್ಣದ ಪುಟ್ಟ ಹೂವಿಗಂತೂ ಅಷ್ಟು ತಾಳ್ಮೆಯೂ ಇಲ್ಲ. ತೆಳುವಾದ ಹಿಮದ ಪದರವನ್ನೇ ತೂರಿಕೊಂಡು ತಲೆ ಹೊರಹಾಕುತ್ತದೆ. ಇಂಥ ಗಿಡವನ್ನು ತಗ್ಗಿನ ತೋಟಕ್ಕೆ ತಂದರೆ, ಬೆಟ್ಟದಲ್ಲಿ ಜೂನ್‌ನಲ್ಲಿ ಸಿಗುವ ಬಿಸಿಲು ಅಲ್ಲಿ ಮಾರ್ಚ್, ಏಪ್ರಿಲ್‌ನಲ್ಲೇ ಸಿಗುತ್ತದೆ. ಮೊಗ್ಗು ಹೇಗೂ ಸಿದ್ಧವಾಗಿರುತ್ತದೆ. ಗುಲಾಬಿ ಇನ್ನೂ ಎಲೆ ಬಿಡುವ ಹೊತ್ತಿಗೆ ಇವುಗಳ ಜಾತ್ರೆ ಮುಗಿಯುತ್ತ ಬಂದಿರುತ್ತದೆ.

ಗಿಡ್ಡ ಮೈಗೂ ಕಾರಣವುಂಟು. ಎಲೆಗಳು ಒತ್ತೊತ್ತಾಗಿ ಸೇರಿ ಮೆತ್ತೆಯಂತಾದಾಗ ಗಾಳಿ ಒಳಕ್ಕೆ ನುಗ್ಗುವುದಿಲ್ಲ, ಬಿಸಿಲಿನ ಕಾವು ಒಳಗೇ ಉಳಿಯುತ್ತದೆ. ಬಿಸಿಲಿರುವ ದಿನ ಮೆತ್ತೆಯೊಳಗಿನ ಉಷ್ಣಾಂಶ ಹೊರಗಿನ ಗಾಳಿಗಿಂತ ಹತ್ತು ಡಿಗ್ರಿಗೂ ಮೀರಿ ಹೆಚ್ಚಿರಬಲ್ಲದು. ಸ್ವಿಟ್ಜರ್ಲೆಂಡಿನ ಡೋಮ್ ಶಿಖರದಲ್ಲಿ 4,505 ಮೀಟರ್ ಎತ್ತರದಲ್ಲಿ ನೇರಳೆ ಸ್ಯಾಕ್ಸಿಫ್ರೇಜ್ ಹೂ ಬಿಟ್ಟಿರುವುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಅಲ್ಲಿ ಬದುಕುವ ಜೀವ ಯಾರ್ಕ್‌ಷೈರ್‌ನ ಹಿತ್ತಿಲಿನಲ್ಲಿ ಸಾಯುವುದೆಂದರೆ ಸೋಜಿಗವಲ್ಲವೇ?

ಚಳಿಯಲ್ಲ, ತೇವ

ಬೆಟ್ಟದ ಚಳಿಗಾಲ ಒಣ ಚಳಿಗಾಲ. ಗಿಡದ ಮೇಲೆ ಮೊಳಗಟ್ಟಲೆ ಹಿಮ ಕೂತಿರುತ್ತದೆ. ಹೊರಗೆ ಮೈನಸ್ ಇಪ್ಪತ್ತು ಡಿಗ್ರಿಯಿದ್ದರೂ ಹಿಮದ ಹೊದಿಕೆಯಡಿ ಉಷ್ಣಾಂಶ ಸೊನ್ನೆಯ ಹತ್ತಿರವೇ ನಿಂತಿರುತ್ತದೆ. ನೀರೆಲ್ಲ ಗಡ್ಡೆ ಕಟ್ಟಿರುವುದರಿಂದ ಗಿಡ ಒದ್ದೆಯಾಗುವುದೇ ಇಲ್ಲ, ನಿಶ್ಚಿಂತೆಯಿಂದ ಮಲಗಿರುತ್ತದೆ. ಇಂಗ್ಲೆಂಡಿನ ಚಳಿಗಾಲವೋ, ಐದಾರು ಡಿಗ್ರಿಯಲ್ಲಿ ವಾರಗಟ್ಟಲೆ ಸುರಿಯುವ ತುಂತುರು. ಮೆತ್ತೆಯಂಥ ಗಿಡ ಸ್ಪಂಜಿನ ಹಾಗೆ ನೀರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಬುಡದಲ್ಲಿ ಜೇಡಿಮಣ್ಣಿದ್ದರೆ ಕೇಳುವುದೇ ಬೇಡ. ಸಾಲದ್ದಕ್ಕೆ ಗೊಬ್ಬರ ತಿಂದು ಉಬ್ಬಿದ ಮೆದು ಎಲೆಗಳು ಶಿಲೀಂಧ್ರಕ್ಕೆ ಸುಲಭದ ತುತ್ತು. ಹೀಗೆ ಹಿಮದಲ್ಲಿ ಸಾಯದ್ದು ಮಳೆಯಲ್ಲಿ ಸಾಯುತ್ತದೆ. ಬೆಟ್ಟದ ಮಣ್ಣು ಎಂದರೆ ಒಡೆದ ಕಲ್ಲಿನ ಪುಡಿ. ಮೇಲೆ ಬೆರಳಿನಷ್ಟಿರುವ ಗಿಡ ಕೆಳಗೆ ಮೊಳದುದ್ದ ಬೇರು ಬಿಟ್ಟು ನೀರು ಹುಡುಕುತ್ತದೆ. ಅದಕ್ಕೆ ಬಡತನವೇ ಬದುಕು.

ಈ ಸರಳ ಸಂಗತಿ ತಿಳಿಯಲು ಬಹಳ ಕಾಲ ಹಿಡಿಯಿತು. 1573ರಲ್ಲಿ ಚಕ್ರವರ್ತಿ ಎರಡನೇ ಮ್ಯಾಕ್ಸಿಮಿಲಿಯನ್ನನ ಕರೆಯ ಮೇಲೆ ವಿಯೆನ್ನಾಕ್ಕೆ ಬಂದ ಕ್ಲೂಸಿಯಸ್ ಎಂಬ ಸಸ್ಯತಜ್ಞ ಆಸ್ಟ್ರಿಯಾದ ಬೆಟ್ಟಗಳನ್ನು ಹತ್ತಿ, ಅಲ್ಲಿನ ಗಿಡಗಳನ್ನು ತಂದು ನಗರದ ತೋಟದಲ್ಲಿ ಬೆಳೆಸಲು ಯತ್ನಿಸಿದ. ಮುಂದೆ ಹಾಲೆಂಡಿನಲ್ಲಿ ಟ್ಯುಲಿಪ್ ಬೇರೂರಲು ಕಾರಣನಾದವನೂ ಇವನೇ. ಬೆಟ್ಟದ ಗಿಡಗಳಲ್ಲಿ ತೋಟಕ್ಕೆ ಚೆನ್ನಾಗಿ ಒಗ್ಗಿಕೊಂಡದ್ದು ಆರಿಕ್ಯುಲಾ, ಅಂದರೆ ಎಲೆಯ ಆಕಾರದಿಂದ ಕರಡಿ ಕಿವಿ ಎನಿಸಿಕೊಂಡ ಪ್ರಿಮುಲಾ. ಇದು ಎಷ್ಟು ಒಗ್ಗಿತೆಂದರೆ ಮುಂದೆ ಲ್ಯಾಂಕಷೈರ್‌ನ ಕೈಮಗ್ಗದ ನೇಕಾರರು ಇದನ್ನು ಕುಂಡಗಳಲ್ಲಿ ಸಾಕಿ, ಸ್ಪರ್ಧೆಗಳಿಗೆ ಒಯ್ದು ಬಹುಮಾನ ಗೆಲ್ಲತೊಡಗಿದರು. ಮನೆಯಲ್ಲೇ ಮಗ್ಗವಿದ್ದುದರಿಂದ ಕೆಲಸದ ನಡುವೆ ಎದ್ದು ಹೋಗಿ ಕುಂಡವನ್ನು ಮಳೆಯಿಂದ ಒಳಗೆ ಸರಿಸಲು ಅವರಿಗೆ ಸಾಧ್ಯವಿತ್ತು. ಗೊಬ್ಬರ ಬೇಡ ಎಂಬ ನನ್ನ ಮಾತಿಗೆ ಅಪವಾದವೂ ಈ ಗಿಡವೇ. 19ನೇ ಶತಮಾನದ ಆರಂಭದ ಒಂದು ಕೈಪಿಡಿ ಆರಿಕ್ಯುಲಾಕ್ಕೆ ಹೆಬ್ಬಾತಿನ ಹಿಕ್ಕೆಯನ್ನು ಎತ್ತಿನ ರಕ್ತದಲ್ಲಿ ನೆನೆಸಿ ಹಾಕಲು ಹೇಳುತ್ತದೆ. ಪಾಪ, ಅದನ್ನೂ ತಾಳಿಕೊಂಡಿತು ಆ ಗಿಡ.

ಉಳಿದವುಗಳಿಗಾಗಿ ತೋಟಗಾರರು ಕಲ್ಲಿನ ಮೊರೆಹೊಕ್ಕರು. ಬೆಟ್ಟದ ಗಿಡಕ್ಕೆ ಬೆಟ್ಟವನ್ನೇ ಕಟ್ಟಿಕೊಟ್ಟರಾಯಿತು ಎಂಬ ಲೆಕ್ಕ. ಲಂಡನ್ನಿನ ಚೆಲ್ಸಿ ಔಷಧಿ ತೋಟದಲ್ಲಿ 1773ರಲ್ಲಿ ಎದ್ದ ಕಲ್ಲುತೋಟಕ್ಕೆ ಟವರ್ ಆಫ್ ಲಂಡನ್ ಕೋಟೆಯಿಂದ ಬಂದ ಹಳೆಯ ಕಲ್ಲುಗಳ ಜೊತೆ, ಜೋಸೆಫ್ ಬ್ಯಾಂಕ್ಸ್ ಐಸ್‌ಲ್ಯಾಂಡಿನಿಂದ ಹಡಗಿನಲ್ಲಿ ತಂದ ಜ್ವಾಲಾಮುಖಿಯ ಶಿಲೆಗಳನ್ನೂ ಬಳಸಿದ್ದರು. ಅದು ಈಗಲೂ ಅಲ್ಲಿದೆ. 1870ರಲ್ಲಿ ವಿಲಿಯಂ ರಾಬಿನ್‌ಸನ್ ಎಂಬ ತೋಟಗಾರ ಆಲ್ಪೈನ್ ಹೂವುಗಳ ಬಗ್ಗೆಯೇ ಒಂದು ಪುಸ್ತಕ ಬರೆದು, ಇವನ್ನು ಸಾಮಾನ್ಯ ಇಂಗ್ಲಿಷ್ ತೋಟದಲ್ಲೂ ಬೆಳೆಯಬಹುದೆಂದು ವಾದಿಸಿದ. ಇದರೊಂದಿಗೆ ಹುಚ್ಚು ಹರಡಿತು. ನಮ್ಮ ಲಾಲ್‌ಬಾಗನ್ನು ರೂಪಿಸಿದ ಕ್ಯಾಮೆರಾನ್, ಕೃಂಬಿಗಲ್ ಅವರು ಪಳಗಿದ್ದ ಕ್ಯೂ ಉದ್ಯಾನದಲ್ಲೂ 1882ರಲ್ಲಿ ದೊಡ್ಡ ಕಲ್ಲುತೋಟವೊಂದು ಸಿದ್ಧವಾಯಿತು. ಖಾಸಗಿ ಸಂಗ್ರಾಹಕರೊಬ್ಬರು ಬಿಟ್ಟುಹೋದ ಸಾವಿರಾರು ಆಲ್ಪೈನ್ ಗಿಡಗಳಿಗೆ ಜಾಗ ಬೇಕಾಗಿತ್ತು.

ಹಿತ್ತಿಲಿನಲ್ಲಿ ಮ್ಯಾಟರ್‌ಹಾರ್ನ್

ಈ ಹುಚ್ಚಿನ ತುತ್ತತುದಿ ಎಂದರೆ ಥೇಮ್ಸ್ ದಂಡೆಯ ಹೆನ್ಲಿ ಪಟ್ಟಣದ ಫ್ರಯರ್ ಪಾರ್ಕ್. ಶ್ರೀಮಂತ ವಕೀಲ ಸರ್ ಫ್ರಾಂಕ್ ಕ್ರಿಸ್ಪ್ ತನ್ನ ಬಂಗಲೆಯ ಹಿಂದೆ ಸಾವಿರಾರು ಟನ್ ಕಲ್ಲು ಪೇರಿಸಿ ಆಲ್ಪ್ಸ್‌ನ ಪ್ರಸಿದ್ಧ ಮ್ಯಾಟರ್‌ಹಾರ್ನ್ ಶಿಖರದ ಪ್ರತಿರೂಪವನ್ನೇ ನಿಲ್ಲಿಸಿದ. ತುದಿಯಲ್ಲಿ ಹಿಮದ ಬದಲು ಬಿಳಿ ಕಲ್ಲು, ಇಳಿಜಾರಿನಲ್ಲಿ ಲೋಹದ ಕಾಡುಮೇಕೆಗಳು! (ಬೀಟಲ್ಸ್ ಖ್ಯಾತಿಯ, ಪಂಡಿತ್ ರವಿಶಂಕರ್ ಅವರ ಶಿಷ್ಯ ಜಾರ್ಜ್ ಹ್ಯಾರಿಸನ್ 1970ರಲ್ಲಿ ಕೊಂಡು ಜೀರ್ಣೋದ್ಧಾರ ಮಾಡಿದ್ದು ಇದೇ ಬಂಗಲೆ, ಇದೇ ತೋಟ.)

ಇದನ್ನು ಕಂಡು ಸಿಡಿದವನು ರೆಜಿನಾಲ್ಡ್ ಫ್ಯಾರರ್. ಯಾರ್ಕ್‌ಷೈರ್‌ನ ಕ್ಲ್ಯಾಪಮ್ ಹಳ್ಳಿಯವನು, ಸಿಲೋನಿಗೆ ಹೋಗಿ ಬೌದ್ಧನಾಗಿ ಬಂದವನು, ನಾಲಿಗೆ ಹರಿತ. ಆಗಿನ ಕಲ್ಲುತೋಟಗಳನ್ನು ಆತ ವಿಂಗಡಿಸಿದ ಬಗೆಯೇ ಮಜವಾಗಿದೆ. ಮಣ್ಣುಗುಡ್ಡೆಗೆ ಚೂಪುಕಲ್ಲು ಚುಚ್ಚಿದ್ದು ಬಾದಾಮಿ ಚುಚ್ಚಿದ ಕಡುಬಂತೆ, ಚಪ್ಪಟೆ ಕಲ್ಲು ಮಲಗಿಸಿದ್ದು ನಾಯಿಯ ಗೋರಿಯಂತೆ. 1914ರಲ್ಲಿ ಗೆಳೆಯನೊಬ್ಬನ ಪುಸ್ತಕಕ್ಕೆ ಮುನ್ನುಡಿ ಬರೆಯುವಾಗ ಫ್ಯಾರರ್ ಈ ಬಗೆಯ ನಕಲಿ ಪರ್ವತಗಳನ್ನು ಗೇಲಿ ಮಾಡಿದ. ಅದು ತನಗೇ ಎಂದರಿತ ಕ್ರಿಸ್ಪ್ ಪ್ರತ್ಯುತ್ತರವಾಗಿ ಕರಪತ್ರ ಅಚ್ಚುಹಾಕಿಸಿದ. ಆ ಕಾಲದ ಹೆಸರಾಂತ ತೋಟಗಾರ್ತಿ ಎಲೆನ್ ವಿಲ್ಮಟ್ ಚೆಲ್ಸಿ ಪುಷ್ಪಪ್ರದರ್ಶನದಲ್ಲಿ ನಿಂತು ಅದನ್ನು ಹಂಚಿದಳು. ಹೂವಿನ ವಿಷಯದಲ್ಲೂ ಹೀಗೆ ಜಗಳವಾಡಬಹುದು ಎಂಬುದು ನನಗಂತೂ ಸಮಾಧಾನದ ಸಂಗತಿ.

ಫ್ಯಾರರನ ಮಾತಿನ ಹಿಂದೆ ತಿರುಳಿತ್ತು. ಕಲ್ಲು ನೋಡಲಿಕ್ಕಲ್ಲ, ಗಿಡಕ್ಕಾಗಿ ಎಂಬುದು ಅವನ ವಾದ. ಹಿಮನದಿಯ ಅಂಚಿನಲ್ಲಿ ಬೀಳುವ ಕಲ್ಲುರಾಶಿಯ ಮಾದರಿಯಲ್ಲಿ, ಬಹುಪಾಲು ಜಲ್ಲಿ, ಚೂರೇ ಚೂರು ಮಣ್ಣು ಇರುವ ಪಾತಿಗಳನ್ನು ಆತ ಜನಪ್ರಿಯಗೊಳಿಸಿದ. ಬೀಜಗಳನ್ನು ಕೋವಿಗೆ ತುಂಬಿ ತನ್ನೂರಿನ ಬಂಡೆಯ ಸಂದುಗಳಿಗೆ ಗುಂಡು ಹೊಡೆದನೆಂಬ ಕಥೆಯೂ ಪ್ರಚಲಿತವಾಗಿದೆ. ಚೀನಾದ ಗಾನ್ಸು ಪ್ರಾಂತ್ಯಕ್ಕೆ, ಬಳಿಕ ಬರ್ಮಾದ ಉತ್ತರದ ಬೆಟ್ಟಗಳಿಗೆ ಗಿಡ ಹುಡುಕಿಕೊಂಡು ಹೋದ ಈತ 1920ರಲ್ಲಿ ಅಲ್ಲಿಯೇ ತೀರಿಕೊಂಡ. ಆಗ ವಯಸ್ಸು ಬರೀ ನಲವತ್ತು.

ಆದರೆ ಈ ಹವ್ಯಾಸಕ್ಕೆ ಕರಾಳ ಮುಖವೂ ಇತ್ತು. ತೋಟಗಳಿಗೆ ಬಂದ ಗಿಡಗಳಲ್ಲಿ ಬಹಳಷ್ಟು ಬೆಟ್ಟದಿಂದ ಬುಡಸಮೇತ ಕಿತ್ತವು. ಬಂದವುಗಳಲ್ಲಿ ಹೆಚ್ಚಿನವು ಅಕ್ಕನ ಜೆನ್ಷಿಯನ್ನಿನಂತೆ ಕೊಳೆತು ಸತ್ತಾಗ, ಇನ್ನಷ್ಟು ಕಿತ್ತು ತರುತ್ತಿದ್ದರು. ಯಾರ್ಕ್‌ಷೈರ್‌ನ ಸುಣ್ಣಕಲ್ಲಿನ ಕಣಿವೆಗಳಲ್ಲಿ ಅರಳುತ್ತಿದ್ದ ಲೇಡೀಸ್ ಸ್ಲಿಪ್ಪರ್ ಆರ್ಕಿಡ್ ಎಂಬ ಹಳದಿ ಹೂವನ್ನು ಜನ ಹೀಗೆ ಕಿತ್ತು ಕಿತ್ತು, ಅದು ಬ್ರಿಟನ್ನಿನಲ್ಲಿ ನಾಮಾವಶೇಷವಾಯಿತೆಂದೇ ಎಲ್ಲರೂ ಭಾವಿಸಿದ್ದರು. 1930ರಲ್ಲಿ ಒಂದೇ ಒಂದು ಗಿಡ ಕಣ್ಣಿಗೆ ಬಿತ್ತು. ಅದಿರುವ ಜಾಗವನ್ನು ದಶಕಗಳ ಕಾಲ ಗುಟ್ಟಾಗಿಟ್ಟು ಕಾವಲು ಕಾದರು. ಮುಂದೆ ಕ್ಯೂ ಉದ್ಯಾನದ ಪ್ರಯೋಗಾಲಯದಲ್ಲಿ ಬೀಜದಿಂದ ಸಸಿ ಮಾಡಿ ಕಣಿವೆಗಳಿಗೆ ಮರಳಿಸುವ ಕೆಲಸ ನಡೆಯಿತು. 1981ರ ಕಾಯ್ದೆಯ ಪ್ರಕಾರ ಬ್ರಿಟನ್ನಿನಲ್ಲಿ ಜಮೀನಿನ ಒಡೆಯರ ಅನುಮತಿ ಇಲ್ಲದೆ ಯಾವ ಕಾಡುಗಿಡವನ್ನೂ ಬೇರುಸಹಿತ ಕೀಳುವಂತಿಲ್ಲ.

ಕಾಯ್ದೆ ಬರುವ ಮೊದಲೇ ಬೇರೊಂದು ದಾರಿ ಕಂಡುಕೊಂಡವನು ಜಿನೀವಾದ ಆನ್ರಿ ಕೊರೆವೊನ್. 1883ರಲ್ಲಿ ಆತ ಸಸ್ಯರಕ್ಷಣೆಗಾಗಿ ಸಂಘ ಕಟ್ಟಿದ. ಮರುವರ್ಷ ಆಲ್ಪೈನ್ ಗಿಡಗಳನ್ನು ಬೀಜದಿಂದ ಬೆಳೆಸಿ ಮಾರುವ ತೋಟ ತೆರೆದ. ತೋಟದಲ್ಲಿ ಹುಟ್ಟಿದ ಗಿಡ ಸಿಕ್ಕರೆ ಬೆಟ್ಟದ ಗಿಡವನ್ನು ಯಾರು ಕೀಳುತ್ತಾರೆ ಎಂಬುದು ಅವನ ಸರಳ ತರ್ಕ. ತಗ್ಗಿನಲ್ಲೇ ಮೊಳೆತ ಸಸಿ ತಗ್ಗಿನ ಹವೆಗೆ ಬೇಗ ಹೊಂದಿಕೊಳ್ಳುತ್ತದೆ ಎಂಬುದು ಜೊತೆಗೆ ಸಿಕ್ಕ ಲಾಭ. ಇಂಗ್ಲೆಂಡಿನಲ್ಲಿ 1929ರಲ್ಲಿ ಹುಟ್ಟಿದ ಆಲ್ಪೈನ್ ಗಾರ್ಡನ್ ಸೊಸೈಟಿಯ ಸದಸ್ಯರು ಇಂದಿಗೂ ವರ್ಷಕ್ಕೊಮ್ಮೆ ಬೀಜಗಳನ್ನು ವಿನಿಮಯ ಮಾಡಿಕೊಳ್ಳುತ್ತಾರೆ.

ಕಲ್ಲುಬಾನಿಯಲ್ಲಿ ಪರ್ವತ

ಶ್ರೀಮಂತರ ಪರ್ವತಗಳಿಗೆ ಕೊನೆ ಹಾಡಿದ್ದು ಕಲ್ಲುಬಾನಿ. 1920ರ ದಶಕದಲ್ಲಿ ಸ್ಟೀವನೇಜಿನ ನರ್ಸರಿಗಾರ ಕ್ಲಾರೆನ್ಸ್ ಎಲಿಯಟ್, ಹಂದಿಗಳಿಗೆ ಮೇವು ಹಾಕುತ್ತಿದ್ದ ಹಳೆಯ ಕಲ್ಲಿನ ತೊಟ್ಟಿಗಳಲ್ಲಿ ಆಲ್ಪೈನ್ ಗಿಡಗಳನ್ನು ನೆಟ್ಟು ಪ್ರದರ್ಶಿಸಿದ. ನಮ್ಮ ಹಳ್ಳಿಮನೆಗಳಲ್ಲಿ ದನಕ್ಕೆ ಕಲಗಚ್ಚು ಹಾಕುವ ಕಲ್ಲುಬಾನಿ ಇರುತ್ತದಲ್ಲ, ಹೆಚ್ಚುಕಡಿಮೆ ಅದೇ. ಕಲ್ಲುತೊಟ್ಟಿಗಳು ಮುಗಿದ ಮೇಲೆ ಅಡುಗೆಮನೆಯ ಹಳೆಯ ಪಿಂಗಾಣಿ ಸಿಂಕುಗಳಿಗೆ ಸಿಮೆಂಟು, ಮರಳು, ಪೀಟ್ ಬೆರೆಸಿ ಮೆತ್ತಿ ಕಲ್ಲಿನ ರೂಪ ಕೊಟ್ಟರು. ಪೀಟ್ ಎಂದರೆ ಜೌಗುನೆಲದಿಂದ ಅಗೆದು ತೆಗೆಯುವ ಕೊಳೆತ ಪಾಚಿ. ಜೌಗುನೆಲ ಹಾಳಾಗುತ್ತದೆಂದು ಅದರ ಬಳಕೆ ಈಗ ತಗ್ಗುತ್ತಿದೆ, ಬದಲಿಗೆ ಭಾರತ, ಶ್ರೀಲಂಕಾಗಳಿಂದ ಹೋಗುವ ತೆಂಗಿನ ನಾರಿನ ಪುಡಿ ಅಲ್ಲಿನ ಕುಂಡಗಳನ್ನು ಸೇರುತ್ತಿದೆ.

ಇಷ್ಟೆಲ್ಲ ಇತಿಹಾಸದಿಂದ ಅಕ್ಕನಿಗೆ ದಕ್ಕಿದ ವಿಧಾನ ಬಹಳ ಸುಲಭದ್ದು. ಮರದ ಹನಿ ಬೀಳದ, ಬಿಸಿಲು ಚೆನ್ನಾಗಿ ಬೀಳುವ ಜಾಗ. ನೆಲಕ್ಕಿಂತ ಒಂದಡಿ ಎತ್ತರಿಸಿದ ಪಾತಿ, ಇಲ್ಲವೇ ತಳದಲ್ಲಿ ತೂತಿರುವ ತೊಟ್ಟಿ. ಅಡಿಗೆ ಇಟ್ಟಿಗೆ ಚೂರು. ಮೇಲೆ ಒಂದು ಪಾಲು ತೋಟದ ಮಣ್ಣು, ಒಂದು ಪಾಲು ಎಲೆಗೊಬ್ಬರ ಅಥವಾ ನಾರಿನ ಪುಡಿ, ಒಂದು ಪಾಲು ಸಣ್ಣ ಜಲ್ಲಿ. ನಾಜೂಕಿನ ಗಿಡವಾದರೆ ಜಲ್ಲಿ ಇನ್ನೂ ಹೆಚ್ಚು. ನೆಟ್ಟ ಬಳಿಕ ಗಿಡದ ಕತ್ತಿನ ಸುತ್ತ ಎರಡು ಬೆರಳು ದಪ್ಪಕ್ಕೆ ಜಲ್ಲಿ ಹರಡಬೇಕು. ಇದರಲ್ಲೇ ಗುಟ್ಟಿರುವುದು. ಬೇರಿಗೆ ನೀರು ಬೇಕು, ಕತ್ತು ಮಾತ್ರ ಒಣಗಿರಬೇಕು. ಮೊದಲ ಬೇಸಗೆಯಲ್ಲಿ ನೀರು ಹಾಕಿದರೆ ಆಮೇಲೆ ತೀರ ಒಣಹವೆಯಲ್ಲಿ ಮಾತ್ರ. ಶರತ್ಕಾಲದಲ್ಲಿ ಉದುರಿದ ಎಲೆಗಳನ್ನು ಆರಿಸಿ ತೆಗೆಯಬೇಕು. ಮೆತ್ತೆಗಿಡಗಳ ಮೇಲೆ ಚಳಿಗಾಲದಲ್ಲಿ ಒಂದು ಗಾಜಿನ ಹಲಗೆ ಓರೆಯಾಗಿ ನಿಲ್ಲಿಸಿದರೆ ಕೊಡೆ ಹಿಡಿದಂತೆ. ಗಾಳಿ ಆಡಬೇಕಾದ್ದರಿಂದ ಪಕ್ಕಗಳನ್ನು ಮುಚ್ಚಬಾರದು.

ಹೊಸಬರು ಆಬ್ರೀಷಿಯಾದಿಂದಲೇ ಆರಂಭಿಸುವುದು ಲೇಸು. ಕ್ಲೋದ್ ಓಬ್ರಿಯೆ ಎಂಬ ಫ್ರೆಂಚ್ ಪುಷ್ಪಚಿತ್ರಕಾರನ ಹೆಸರನ್ನು 1763ರಲ್ಲಿ ಇದಕ್ಕೆ ಇಟ್ಟರು. ಹೂ ಮುಗಿದ ಮೇಲೆ ನಿರ್ದಾಕ್ಷಿಣ್ಯವಾಗಿ ಕತ್ತರಿಸಿಬಿಟ್ಟರೆ ಮರುವರ್ಷ ಮತ್ತೆ ತುಂಬಿಕೊಳ್ಳುತ್ತದೆ. ಜೊತೆಗೆ ಹಳದಿ ಅಲಿಸಮ್, ಬಿಳಿಯ ಅರಾಬಿಸ್, ಅಮೆರಿಕದಿಂದ ಬಂದ ನೆಲಹಾಸಿನಂಥ ಫ್ಲಾಕ್ಸ್ ಇದ್ದರೆ ಗೋಡೆಗೆ ನಾಲ್ಕು ಬಣ್ಣ. ಈಸ್ಟರ್ ವೇಳೆಗೆ ಅರಳುವ, ರೇಷ್ಮೆಕೂದಲಿನ ಪ್ಯಾಸ್ಕ್ ಹೂವು ಒಮ್ಮೆ ಬೇರೂರಿದರೆ ಅದನ್ನು ಅಲುಗಿಸದೇ ಇರುವುದೇ ಆರೈಕೆ. ನಮ್ಮ ಹಿಮಾಲಯದ ಪ್ರಿಮುಲಾ ಡೆಂಟಿಕ್ಯುಲೇಟಾ ಕೂಡ ಅಲ್ಲಿ ಮನೆಮಾತು. ನಗಾರಿ ಬಾರಿಸುವ ಕೋಲಿನ ತುದಿಯಂಥ ದುಂಡು ಹೂಗೊಂಚಲು. ಇದಕ್ಕೆ ಮಾತ್ರ ತುಸು ತೇವದ ಮಣ್ಣೇ ಇಷ್ಟ. ಅಂತೂ ಎಲ್ಲ ಬೆಟ್ಟದ ಗಿಡಗಳಿಗೂ ಒಂದೇ ಸೂತ್ರ ಹೊಂದುವುದಿಲ್ಲ. ದೊಡ್ಡ ಹೂವಿನ ಜೆನ್ಷಿಯನ್ ಅಕೌಲಿಸ್ ಅಂತೂ ಕೆಲವು ತೋಟಗಳಲ್ಲಿ ಆರೋಗ್ಯವಾಗಿಯೇ ಹರಡಿಕೊಂಡು ಒಂದು ಹೂವನ್ನೂ ಬಿಡದೆ ಸತಾಯಿಸುವುದಕ್ಕೆ ಹೆಸರುವಾಸಿ. ಕಾರಣ ಕೇಳಿದರೆ ಹತ್ತು ತೋಟಗಾರರು ಹತ್ತು ಹೇಳುತ್ತಾರೆ.

ನಮ್ಮ ಬೆಂಗಳೂರಿನಲ್ಲಿ ಬೆಳೆಯಬಹುದೇ ಎಂದು ಕೇಳುವ ಓದುಗರಿಗೆ ಉತ್ತರ ಚಿಕ್ಕದು: ಪ್ರಯತ್ನಿಸಬೇಡಿ. ಈ ಗಿಡಗಳಿಗೆ ತಿಂಗಳುಗಟ್ಟಲೆ ಕೊರೆಯುವ ಚಳಿಯ ನಿದ್ದೆ ಬೇಕು. ನಮ್ಮ ಬೆಚ್ಚನೆಯ ರಾತ್ರಿಗಳು ಅವನ್ನು ಮಲಗಗೊಡುವುದಿಲ್ಲ, ಉಳಿದದ್ದನ್ನು ಮುಂಗಾರು ಮುಗಿಸುತ್ತದೆ.

ಅವುಗಳ ಸ್ವಂತ ಮನೆಯೇ ಈಗ ಬೆಚ್ಚಗಾಗುತ್ತಿದೆ ಎಂಬುದು ಬೇರೆ ಮಾತು. ಯೂರೋಪಿನ 302 ಶಿಖರಗಳ ಹಳೆಯ ಮತ್ತು ಹೊಸ ಸಸ್ಯಗಣತಿಗಳನ್ನು ಹೋಲಿಸಿದ ಅಧ್ಯಯನವೊಂದು 2018ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 2007ರಿಂದ 2016ರ ದಶಕದಲ್ಲಿ ಹೊಸ ಜಾತಿಗಳು ಶಿಖರಗಳಿಗೆ ಏರಿಬಂದ ವೇಗ ಐವತ್ತು ವರ್ಷಗಳ ಹಿಂದಿನ ದಶಕಕ್ಕಿಂತ ಐದು ಪಟ್ಟು ಹೆಚ್ಚು. ಕೇಳಲು ಸಂತೋಷದ ಸುದ್ದಿಯೆನಿಸಬಹುದು. ಆದರೆ ಹೀಗೆ ಏರುತ್ತಿರುವವು ಕೆಳಗಿನ ಬೆಚ್ಚನೆಯ ಇಳಿಜಾರಿನ ಗಿಡಗಳು. ಎತ್ತರಕ್ಕೂ ವೇಗಕ್ಕೂ ಅವೇ ಮುಂದು. ತುದಿಯಲ್ಲಿರುವ ಮೆತ್ತೆಗಿಡಕ್ಕೆ ಇನ್ನೂ ಮೇಲೆ ಹತ್ತಲು ಬೆಟ್ಟವೇ ಉಳಿದಿಲ್ಲ. ಕ್ಯೂ ಉದ್ಯಾನದಲ್ಲಿ 2006ರಲ್ಲಿ ತೆರೆದ ಆಲ್ಪೈನ್ ಗಾಜಿನಮನೆಯನ್ನು ಬಿಸಿಲಿನಲ್ಲೂ ತಂಪಾಗಿಡಲು ವಾಸ್ತುಶಿಲ್ಪಿಗಳು ಗೆದ್ದಲಿನ ಹುತ್ತದ ತಂತ್ರವನ್ನು ಅನುಸರಿಸಿದ್ದಾರೆ. ನೆಲದಡಿಯ ಕಾಂಕ್ರೀಟ್ ಸುರಂಗಗಳಲ್ಲಿ ಹಾದು ತಂಪಾದ ಗಾಳಿ ಗಿಡಗಳಿಗೆ ಬೀಸುತ್ತದೆ, ಬಿಸಿಗಾಳಿ ಎತ್ತರದ ಚಾವಣಿಯಿಂದ ಹೊರಹೋಗುತ್ತದೆ.

ಅಕ್ಕ ಈ ಸಲ ಜೆನ್ಷಿಯನ್ ಗಿಡ ಕೊಂಡಿಲ್ಲ, ಬೀಜ ತರಿಸಿದ್ದಾಳೆ. ಬೆಟ್ಟದ ಚಳಿಗಾಲ ಕಳೆಯಿತೆಂದು ನಂಬಿಸದ ಹೊರತು ಅವು ಮೊಳೆಯುವುದಿಲ್ಲ. ಹಾಗಾಗಿ ಒದ್ದೆ ಮರಳಿನಲ್ಲಿ ಬೆರೆಸಿ ಪೊಟ್ಟಣ ಕಟ್ಟಿ, ಫ್ರಿಜ್ಜಿನಲ್ಲಿ ಇಡ್ಲಿ ಹಿಟ್ಟಿನ ಪಾತ್ರೆಯ ಪಕ್ಕ ಇಟ್ಟಿದ್ದಾಳೆ. ಮೇಲೆ ಕನ್ನಡದಲ್ಲಿ ‘ಒಗ್ಗರಣೆಗಲ್ಲ’ ಎಂದು ಚೀಟಿ ಅಂಟಿಸಿದ್ದಾಳಂತೆ.